ಹಾವುಮೀನಿನ ಹಾದಿ ಹಿಡಿದು

ಹುಣಸೂರಿನ ಸೇತುವೆಯ ಮೇಲೆ ನಿಂತು ಲಕ್ಷ್ಮಣತೀರ್ಥವನ್ನು ನೋಡಿದಾಗಲೆಲ್ಲ ನನಗೊಂದು ಹಳೆಯ ಮೀನು ನೆನಪಾಗುತ್ತದೆ. ಆಗ ನಾನು ಏಳನೆಯ ತರಗತಿಯಲ್ಲಿದ್ದೆ. ದಸರಾ ರಜೆ. ಎರೆಹುಳು ಸಿಕ್ಕಿಸಿ ಬಿಟ್ಟ ಗಾಳಕ್ಕೆ ಮೊಳದುದ್ದದ ಪ್ರಾಣಿಯೊಂದು ಕಚ್ಚಿಕೊಂಡು, ದಾರಕ್ಕೆ ಸುತ್ತಿಕೊಳ್ಳುತ್ತ ಮೇಲೆ ಬಂತು. ಬಿಡಿಸಲು ಹೋದೆ. ಅದು ಕೈಯೊಳಗೆ ನುಲಿದುಕೊಂಡು ಅಂಗೈ ಗೀರಿ ರಕ್ತ ಬರಿಸಿತು. ಹಾವು ಕಚ್ಚಿತೆಂದು ಗಾಳವನ್ನೇ ಬಿಸಾಡಿ ಮನೆಗೆ ಓಡಿದೆ. 'ಹಾವಲ್ಲ ಕಣೋ, ಹಾವುಮೀನು' ಎಂದು ದಡದಲ್ಲಿದ್ದವರೆಲ್ಲ ನಕ್ಕಿದ್ದು ಇಂದಿಗೂ ಕಿವಿಯಲ್ಲಿದೆ.

ಈ ಕತೆಯನ್ನು ನನ್ನ ಮಗಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗಲೆಲ್ಲ ಮೀನು ಒಂದೊಂದು ಗೇಣು ಉದ್ದವಾಗುತ್ತಿತ್ತು. ಎಂಟನೆಯ ತರಗತಿಗೆ ಬಂದ ಮೇಲೆ ಅವಳು ಶಾಲೆಯ ಗ್ರಂಥಾಲಯದಿಂದ ಒಂದು ಪುಸ್ತಕ ತಂದಳು. ಹಾವುಮೀನು ಹೊಳೆಯಲ್ಲಿ ಬೆಳೆದರೂ ಹುಟ್ಟುವುದು ಕಡಲಿನಲ್ಲಿ, ಮೊಟ್ಟೆ ಇಡಲು ಮತ್ತೆ ಕಡಲಿಗೇ ಹೋಗುತ್ತದೆ ಎಂದು ಅದರಲ್ಲಿ ಬರೆದಿತ್ತು.

'ಅಪ್ಪಾ, ಹಾಗಾದ್ರೆ ನೀನು ಹಿಡಿದ ಮೀನು ಸಮುದ್ರದಿಂದ ಬಂದಿದ್ದಾ?'

'ಹೌದು ಮತ್ತೆ' ಎಂದೆ, ಹೆಮ್ಮೆಯಿಂದ.

'ಹೇಗೆ ಬಂತು? ಮಧ್ಯೆ ಕನ್ನಂಬಾಡಿ ಕಟ್ಟೆ ಇದೆಯಲ್ಲ?'

ಉತ್ತರ ನನ್ನಲ್ಲಿರಲಿಲ್ಲ. ಹುಣಸೂರಿನಿಂದ ಹೊಳೆಯ ದಾರಿಯಲ್ಲಿ ಬಂಗಾಳ ಕೊಲ್ಲಿಗೆ ಸುಮಾರು 600 ಕಿಲೋಮೀಟರು. ಊರು ಸಮುದ್ರಮಟ್ಟಕ್ಕಿಂತ ಎರಡೂವರೆ ಸಾವಿರ ಅಡಿಗೂ ಎತ್ತರದಲ್ಲಿದೆ. ಪುಸ್ತಕ ಸುಳ್ಳಿರಬೇಕು, ಇಲ್ಲವೇ ನನ್ನ ಮೀನು ಸುಳ್ಳಿರಬೇಕು. ಆ ವರ್ಷದ ರಜೆಯಲ್ಲಿ ಎರಡು ದಿನ ಬಿಡುವು ಮಾಡಿಕೊಂಡು, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ಸೀಮೆಯ ಹೊಳೆಗಳನ್ನು ನೋಡಿಕೊಂಡು ಬರೋಣವೆಂದು ಅಪ್ಪ ಮಗಳು ಬಸ್ಸು ಹತ್ತಿದೆವು.

ಬೆನ್ನ ಮೇಲಿನ ಮುಳ್ಳು

ಮೊದಲ ನಿಲ್ದಾಣ ಬಸ್ಸು ಹತ್ತುವುದಕ್ಕೆ ಮುಂಚೆಯೇ ಸಿಕ್ಕಿತು. ಹುಣಸೂರಿನಲ್ಲಿ ಮೀನು ಮಾರುವ ಕಡೆ ಹೋದರೆ ಕಾಟ್ಲಾ, ರೋಹು, ಜಿಲೇಬಿ ರಾಶಿ ಬಿದ್ದಿದ್ದವು. ಇವುಗಳಲ್ಲಿ ಹೆಚ್ಚಿನವು ಕೆರೆ ಮತ್ತು ಜಲಾಶಯಗಳಿಗೆ ಮರಿ ಬಿಟ್ಟು ಬೆಳೆಸಿದ ಮೀನುಗಳು. ವಯಸ್ಸಾದ ಯಜಮಾನರೊಬ್ಬರ ಬುಟ್ಟಿಯ ಮೂಲೆಯಲ್ಲಿ ಮಾತ್ರ ನಾಲ್ಕೈದು ಹಾವುಮೀನು ಸುರುಳಿ ಸುತ್ತಿ ಮಲಗಿದ್ದವು. ಕಂದು ಮೈ, ಅದರ ಮೇಲೆ ಅಂಕುಡೊಂಕಾದ ಗೆರೆ, ಸೂಜಿಯಂತೆ ಚೂಪಾದ ಮೂತಿ. ಥೇಟ್ ನನ್ನ ಮೀನೇ!

ಮಗಳು ಮುಟ್ಟಲು ಕೈಚಾಚಿದಳು. ಯಜಮಾನರು ತಡೆದರು.

'ತಲೆಯಿಂದ ಬಾಲದ ಕಡೀಕೆ ಸವರವ್ವಾ. ಹಿಂದಕ್ಕೆ ಸವರಿದ್ರೆ ಮುಳ್ಳು ಚುಚ್ತದೆ.'

ಬೆನ್ನಿನುದ್ದಕ್ಕೂ ಗರಗಸದ ಹಲ್ಲಿನಂತೆ ಸಣ್ಣ ಸಣ್ಣ ಮುಳ್ಳುಗಳು ಸಾಲಾಗಿದ್ದವು. ಮಗಳು ಪುಸ್ತಕ ತೆಗೆದು ಚಿತ್ರ ನೋಡಿದಳು. ಕಡಲಿನಿಂದ ಬರುವ ಹಾವುಮೀನಿಗೆ ಬೆನ್ನಮುಳ್ಳಿಲ್ಲ. ಅದರ ಮೂತಿ ಮೊಂಡು. ಬೆನ್ನಿನ ನಡುವಿನಿಂದ ಹೊರಟ ರೆಕ್ಕೆ ಬಾಲವನ್ನು ಬಳಸಿ ಹೊಟ್ಟೆಯ ಕೆಳಗಿನವರೆಗೆ ಒಂದೇ ರಿಬ್ಬನ್ನಿನಂತೆ ಓಡುತ್ತದೆ. ಮೈಯೆಲ್ಲ ಲೋಳೆ. ಬುಟ್ಟಿಯಲ್ಲಿದ್ದದ್ದು ಬೇರೆಯೇ ಕುಲದ್ದು, ಮುಳ್ಳು ಹಾವುಮೀನು. ವಿಜ್ಞಾನಿಗಳ ಭಾಷೆಯಲ್ಲಿ ಮಾಸ್ಟಸೆಂಬೆಲಸ್ ಅರ್ಮಾಟಸ್. ಅದು ಹುಟ್ಟುವುದು, ಬೆಳೆಯುವುದು, ಮೊಟ್ಟೆ ಇಡುವುದು, ಸಾಯುವುದು ಎಲ್ಲವೂ ಸಿಹಿನೀರಿನಲ್ಲಿಯೇ. ಕಡಲಿನ ಹಂಗೇ ಅದಕ್ಕಿಲ್ಲ.

ನನ್ನ ಅಂಗೈ ಗೀರಿದ್ದು ಹಲ್ಲಲ್ಲ, ಈ ಮುಳ್ಳು. ಇಷ್ಟು ವರ್ಷ ಕೈಮೇಲೆಯೇ ಇದ್ದ ಸಾಕ್ಷಿಯನ್ನು ನಾನು ಓದಿಕೊಂಡಿರಲಿಲ್ಲ. ಮಗಳು ನಗಲಿಲ್ಲ. 'ಪರವಾಗಿಲ್ಲ ಬಿಡಪ್ಪ, ಹೆಸರು ಒಂದೇ ಅಲ್ವಾ' ಎಂದು ಸಮಾಧಾನ ಹೇಳಿದಳು. ಆಮೇಲೆ ಕೇಳಿದಳು, 'ಮತ್ತೆ ನಿಜವಾದ್ದು ಎಲ್ಲಿದೆ?'

ಕಡಲಿನಲ್ಲಿ ಹುಟ್ಟಿ ಹೊಳೆಯಲ್ಲಿ ಬೆಳೆದು

ಪಿರಿಯಾಪಟ್ಟಣದ ಬಸ್ಸಿನಲ್ಲಿ ಕಿಟಕಿಯಾಚೆ ಹೊಗೆಸೊಪ್ಪಿನ ಹೊಲಗಳು, ಬೇಯಿಸುವ ಬ್ಯಾರನ್ನುಗಳು ಹಿಂದೆ ಸರಿಯುತ್ತಿದ್ದವು. ಮಗಳು ಪುಸ್ತಕ ಓದಿ ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ. ಅದರ ಸಾರಾಂಶವನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ನಿಜವಾದ ಹಾವುಮೀನುಗಳದು ಆಂಗ್ವಿಲ್ಲಾ ಎಂಬ ಕುಲ. ಭಾರತದ ಹೊಳೆಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳಿವೆ. ಒಂದು, ಮೈಮೇಲೆ ಮಚ್ಚೆಗಳಿರುವ ಆಂಗ್ವಿಲ್ಲಾ ಬೆಂಗಾಲೆನ್ಸಿಸ್. ಇದು ಆಳುದ್ದ ಬೆಳೆಯಬಲ್ಲದು, ಅಳಿವೆಯಿಂದ ಹೊರಟು ಬೆಟ್ಟದ ತೊರೆಗಳವರೆಗೂ ಏರಬಲ್ಲದು. ಇನ್ನೊಂದು, ಮಚ್ಚೆಯಿಲ್ಲದ, ಅದಕ್ಕಿಂತ ಚಿಕ್ಕದಾದ ಆಂಗ್ವಿಲ್ಲಾ ಬೈಕಲರ್. ಇದಕ್ಕೆ ಕರಾವಳಿಗೆ ಹತ್ತಿರದ ತಗ್ಗಿನ ನೀರೇ ಇಷ್ಟ.

ಇವುಗಳ ಬದುಕು ಐದು ವೇಷಗಳ ಬಯಲಾಟದಂತಿದೆ. ಆಳ ಕಡಲಿನಲ್ಲಿ ಮೊಟ್ಟೆಯೊಡೆದು ಬರುವ ಮರಿ ಮೀನಿನಂತೆಯೇ ಇರುವುದಿಲ್ಲ. ಹೊಂಗೆಯ ಎಲೆಯಂತೆ ಚಪ್ಪಟೆ, ಆಚೆಗಿನದು ಕಾಣುವಷ್ಟು ಪಾರದರ್ಶಕ. ಇದಕ್ಕೆ ಲೆಪ್ಟೊಸೆಫಲಸ್ ಎಂದು ಹೆಸರು. ಕಡಲಿನ ಪ್ರವಾಹದ ಜೊತೆ ತಿಂಗಳುಗಟ್ಟಲೆ ತೇಲುತ್ತ ದಂಡೆಗೆ ಹತ್ತಿರವಾದಾಗ ಎಲೆಯ ಆಕಾರ ಹೋಗಿ, ಎರಡಂಗುಲದ ಗಾಜಿನ ಕಡ್ಡಿಯಂತಾಗುತ್ತದೆ. ಅಳಿವೆಯಲ್ಲಿ ಉಪ್ಪುನೀರಿಗೆ ಸಿಹಿನೀರು ಬೆರೆಯುವ ವಾಸನೆ ಹಿಡಿದು, ಉಬ್ಬರದ ಬೆನ್ನೇರಿ ಹೊಳೆಯ ಬಾಯಿ ಹೊಗುತ್ತದೆ. ಆಗ ಮೈಗೆ ಬಣ್ಣ ಬರುತ್ತದೆ. ಅಲ್ಲಿಂದ ಮೇಲೆ ಹತ್ತುವ ಹುಮ್ಮಸ್ಸು. ಹೊಳೆಯಲ್ಲಿ ಒಳ್ಳೆಯ ಮಡು ಸಿಕ್ಕಿದರೆ ಹಗಲೆಲ್ಲ ಬಂಡೆಯ ಸಂದಿನಲ್ಲಿ ಅಡಗಿ, ರಾತ್ರಿ ಏಡಿ, ಸಿಗಡಿ, ಕಪ್ಪೆ, ಸಣ್ಣ ಮೀನುಗಳನ್ನು ಬೇಟೆಯಾಡುತ್ತ ವರ್ಷಗಟ್ಟಲೆ ಬೆಳೆಯುತ್ತದೆ. ಕೊನೆಗೊಂದು ಮಳೆಗಾಲ ಅದಕ್ಕೆ ಕಡಲಿನ ಕರೆ ಬರುತ್ತದೆ. ಕಣ್ಣು ದೊಡ್ಡದಾಗುತ್ತದೆ, ಹೊಟ್ಟೆ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ, ಕರುಳು ಮುದುಡುತ್ತದೆ. ತಿನ್ನುವುದನ್ನೇ ನಿಲ್ಲಿಸಿ, ಮೈಯ ಕೊಬ್ಬನ್ನೇ ಬುತ್ತಿ ಮಾಡಿಕೊಂಡು ಪ್ರವಾಹದಲ್ಲಿ ಕೆಳಗಿಳಿದು ಕಡಲು ಸೇರುತ್ತದೆ. ಅಲ್ಲಿ ಒಂದೇ ಸಲ ಮೊಟ್ಟೆಯಿಟ್ಟು ಸಾಯುತ್ತದೆ.

ಈ ಗುಟ್ಟು ಬಿಡಿಸಲು ಮನುಷ್ಯನಿಗೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಯಾರೂ ಮೊಟ್ಟೆ ಕಾಣದ್ದರಿಂದ ಗ್ರೀಸಿನ ಅರಿಸ್ಟಾಟಲ್ ಇವು ಕೆಸರಿನಿಂದಲೇ ಹುಟ್ಟುತ್ತವೆ ಎಂದುಕೊಂಡಿದ್ದ. ಮುಂದೆ ಮನಶ್ಶಾಸ್ತ್ರದಲ್ಲಿ ಹೆಸರಾದ ಫ್ರಾಯ್ಡ್, ವಿದ್ಯಾರ್ಥಿಯಾಗಿದ್ದಾಗ 1876ರಲ್ಲಿ ಟ್ರಿಯೆಸ್ಟ್ ಎಂಬಲ್ಲಿ ಸುಮಾರು 400 ಹಾವುಮೀನುಗಳನ್ನು ಕೊಯ್ದು ಗಂಡಿನ ಬೀಜಕ್ಕಾಗಿ ಹುಡುಕಿದ. ಖಚಿತವಾದ ಉತ್ತರ ಸಿಗಲಿಲ್ಲ. ಡೆನ್ಮಾರ್ಕಿನ ಯೋಹಾನೆಸ್ ಷ್ಮಿಟ್ ಹಡಗಿನಲ್ಲಿ ಸುಮಾರು ಎರಡು ದಶಕ ಅಲೆದು, ಎಲ್ಲಕ್ಕಿಂತ ಚಿಕ್ಕ ಮರಿಗಳು ಎಲ್ಲಿ ಸಿಗುತ್ತವೆಂದು ನೋಡುತ್ತ ಹೋಗಿ, ಯುರೋಪಿನ ಹಾವುಮೀನು ಅಟ್ಲಾಂಟಿಕ್ಕಿನ ಆಚೆಯ ಸರ್ಗಾಸೊ ಸಮುದ್ರದಲ್ಲಿ ಹುಟ್ಟುತ್ತದೆಂದು 1922ರಲ್ಲಿ ಪ್ರಕಟಿಸಿದ. ಬೆನ್ನಿಗೆ ಉಪಕರಣ ಕಟ್ಟಿದ ದೊಡ್ಡ ಮೀನುಗಳು ಅಲ್ಲಿಗೆ ತಲುಪಿದ್ದನ್ನು ವಿಜ್ಞಾನಿಗಳು ವರದಿ ಮಾಡಿದ್ದು ಅದಾಗಿ ನೂರು ವರ್ಷಕ್ಕೆ, 2022ರಲ್ಲಿ. ಜಪಾನಿನ ಹಾವುಮೀನಿನ ಮೊಟ್ಟೆ ಕಡಲಿನಲ್ಲಿ ಸಿಕ್ಕಿದ್ದು 2009ರಲ್ಲಿ. ನಮ್ಮ ಹಿಂದೂ ಮಹಾಸಾಗರದ ಹಾವುಮೀನಿನ ಎಳೆಮರಿಗಳು 1928ರಿಂದ 1930ರವರೆಗೆ ನಡೆದ ಡೆನ್ಮಾರ್ಕಿನ 'ಡಾನಾ' ಹಡಗಿನ ಯಾತ್ರೆಯಲ್ಲಿ ಸುಮಾತ್ರದ ಪಕ್ಕದ ಆಳ ಕಡಲಿನಲ್ಲಿ ಸಿಕ್ಕಿದ್ದವು. ತವರು ಅಲ್ಲಿಯೇ ಇರಬೇಕೆಂಬ ಊಹೆ ಅಂದಿನಿಂದ ಇದೆ.

'ಅಂದ್ರೆ ಇಲ್ಲಿ ಬೆಳೆಯೋ ಮೀನಿನ ಅಜ್ಜಿಮನೆ ಸುಮಾತ್ರ!' ಎಂದು ಮಗಳು ಕೂಗಿದ್ದಕ್ಕೆ ಮುಂದಿನ ಸೀಟಿನವರು ತಿರುಗಿ ನೋಡಿದರು.

ಪಿರಿಯಾಪಟ್ಟಣದ ಅಂಚಿನಲ್ಲಿ

ಪಿರಿಯಾಪಟ್ಟಣದಿಂದ ಮುಂದೆ ಕೊಪ್ಪದ ಸೇತುವೆಯ ಹತ್ತಿರ ಇಳಿದೆವು. ಈಚೆ ದಡ ಮೈಸೂರು ಜಿಲ್ಲೆ, ಆಚೆ ದಡ ಕೊಡಗಿನ ಕುಶಾಲನಗರ. ನಡುವೆ ಕಾವೇರಿ. ತಲಕಾವೇರಿಯಿಂದ ಬೆಟ್ಟ ಇಳಿದು ಬಂದ ಹೊಳೆ ಇಲ್ಲಿ ಬಂಡೆಗಳ ನಡುವೆ ಮರಳು ಹಾಸಿಕೊಂಡು ಹರಿಯುತ್ತದೆ. ದಡದ ಹೊಳೆಮತ್ತಿ ಮರಗಳ ಬೇರು ನೀರೊಳಗೆ ಇಳಿದು ನೂರಾರು ಪೊಟರೆಗಳನ್ನು ಮಾಡಿದೆ. ಹಾವುಮೀನಿಗೆ ಬೇಕಾದದ್ದು ಇಂಥದೇ ಜಾಗ. ಮನೆ ತಯಾರಿದೆ, ಬಾಡಿಗೆದಾರ ಬರಬೇಕಾದ ದಾರಿಯದೇ ಪ್ರಶ್ನೆ.

ಕೆಳಗೆ, ಹಾಸನ ಜಿಲ್ಲೆಗೆ ಸೇರಿದ ರಾಮನಾಥಪುರದಲ್ಲಿ ಹೊಳೆಯ ಮೀನನ್ನು ಯಾರೂ ಹಿಡಿಯುವುದಿಲ್ಲ. ದೇವಸ್ಥಾನಕ್ಕೆ ಬಂದವರು ಪುರಿ ಎಸೆದರೆ ತೋಳುದ್ದದ ಮಹಶೀರ್ ಮೀನುಗಳು ಬಾಯಿ ತೆರೆದು ಮುತ್ತಿಕೊಳ್ಳುತ್ತವೆ. ಮಗಳು ಎರಡು ಪೊಟ್ಟಣ ಪುರಿ ಖಾಲಿ ಮಾಡಿದಳು. ಅಲ್ಲಿ ಕುಳಿತು ನಾವು ಎರಡು ಮೀನುಗಳನ್ನು ಹೋಲಿಸಿ ನೋಡಿದೆವು. ಮಹಶೀರ್ ಮೊಟ್ಟೆ ಇಡಲು ಮಳೆಗಾಲದಲ್ಲಿ ಹೊಳೆಯ ಮೇಲ್ಭಾಗಕ್ಕೆ, ಕಲ್ಲುಹಾಸಿನ ತಿಳಿನೀರಿಗೆ ಹತ್ತುತ್ತದೆ. ಹಾವುಮೀನು ಅದಕ್ಕೆ ವಿರುದ್ಧವಾಗಿ ಕೆಳಕ್ಕೆ, ಕಡಲಿಗೆ ಇಳಿಯುತ್ತದೆ. ಮಹಶೀರ್ ಮೀನಿಗೆ ಹೊಳೆಯ ಒಂದು ತುಂಡು ಉಳಿದರೂ ಹೇಗೋ ಬದುಕಬಹುದು. ಒಂದು ಊರಿನ ಭಕ್ತಿ ಅದನ್ನು ಕಾಪಾಡಬಹುದು. ಹಾವುಮೀನಿಗೆ ಹೊಳೆ ಪೂರ್ತಿ ಬೇಕು, ಬೆಟ್ಟದಿಂದ ಅಳಿವೆಯವರೆಗೆ. ಅದನ್ನು ಯಾವ ಒಂದು ಊರೂ ಒಂಟಿಯಾಗಿ ಕಾಪಾಡಲಾರದು.

ಚುಂಚನಕಟ್ಟೆಯ ಪಾಠ

ಹಳೆಯ ಕೆ.ಆರ್. ನಗರ ಸೀಮೆಯ ಚುಂಚನಕಟ್ಟೆಗೆ ಬರುವಾಗ ಮಧ್ಯಾಹ್ನ ಇಳಿದಿತ್ತು. ಇಲ್ಲಿ ಕಾವೇರಿ ಸುಮಾರು 65 ಅಡಿ ಕೆಳಕ್ಕೆ ಧುಮುಕುತ್ತದೆ. ಪಕ್ಕದಲ್ಲೇ ಕೋದಂಡರಾಮ ದೇವಸ್ಥಾನ. ಜಲಪಾತದ ಭೋರ್ಗರೆತ ಗರ್ಭಗುಡಿಯೊಳಗೆ ಕೇಳಿಸುವುದಿಲ್ಲ ಎಂಬ ಪ್ರತೀತಿಯಿದೆ. ಮಗಳು ಒಳಗೊಮ್ಮೆ ಹೊರಗೊಮ್ಮೆ ಕಿವಿಗೊಟ್ಟು ಪರೀಕ್ಷೆ ಮಾಡಿದಳು.

ಜಲಪಾತದ ಎದುರು ಕುಳಿತಾಗ ಅವಳ ಪ್ರಶ್ನೆ, 'ಇದನ್ನ ಮೀನು ಹತ್ತೋಕಾಗುತ್ತಾ?'

ಬೇರೆ ಮೀನಾಗಿದ್ದರೆ ಇಲ್ಲವೆಂದೇ ಹೇಳಬಹುದಿತ್ತು. ಹಾವುಮೀನಿನ ಎಳೆಮರಿಯ ಮಾತು ಬೇರೆ. ಬೆರಳುದ್ದಕ್ಕಿಂತ ಚಿಕ್ಕದಾಗಿರುವಾಗ ಅದು ಜಲಪಾತವನ್ನು ಎದುರಿಸಿ ಈಜುವುದಿಲ್ಲ, ಪಕ್ಕದ ಒದ್ದೆ ಬಂಡೆಯನ್ನು ತೆವಳಿ ಹತ್ತುತ್ತದೆ. ನೀರಿನ ತೆಳುಪದರವೇ ಅದರ ಹಗುರ ಮೈಯನ್ನು ಬಂಡೆಗೆ ಅಂಟಿಸಿ ಹಿಡಿಯುತ್ತದೆ. ಹಾವಸೆ, ಬಂಡೆಯ ಒರಟು, ಸಂದಿನಲ್ಲಿ ಬೆಳೆದ ಹುಲ್ಲು ಎಲ್ಲವೂ ಅದಕ್ಕೆ ಮೆಟ್ಟಿಲು. ದೊಡ್ಡದಾದ ಮೇಲೆ ಈ ವಿದ್ಯೆ ನಡೆಯದು. ಆದರೂ ಮಳೆಯ ರಾತ್ರಿಗಳಲ್ಲಿ ಒದ್ದೆ ನೆಲದ ಮೇಲೆ ಸ್ವಲ್ಪ ದೂರ ತೆವಳಬಲ್ಲದು, ಏಕೆಂದರೆ ಅದು ತೇವದ ಚರ್ಮದಿಂದಲೂ ಉಸಿರಾಡುತ್ತದೆ.

ನಮ್ಮ ಹಳೆಯ ಅಣೆಗಳೂ ಒಂದು ಲೆಕ್ಕದಲ್ಲಿ ಇಂಥ ಬಂಡೆಗಳೇ. ಚುಂಚನಕಟ್ಟೆಯ ಅಣೆ, ಲಕ್ಷ್ಮಣತೀರ್ಥದ ಮೇಲಿನ ಹನಗೋಡು ಅಣೆ ಇವೆಲ್ಲ ನೀರನ್ನು ನಾಲೆಗೆ ತಿರುಗಿಸಲು ಕಟ್ಟಿದ ತಗ್ಗಿನ ಕಟ್ಟೆಗಳು. ಮಳೆಗಾಲದಲ್ಲಿ ಹೊಳೆ ಇವುಗಳ ಮೇಲೆಯೇ ಹರಿದು ಹೋಗುತ್ತದೆ. ಹೊಳೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿಕೊಂಡು ಮಾತಾಡಿಸಿ ಕಳಿಸುವ ಕಟ್ಟೆಗಳು ಎನ್ನಬಹುದು. ಕಳೆದ ಶತಮಾನದ ಅಣೆಕಟ್ಟುಗಳು ಹಾಗಲ್ಲ.

ಸಂಜೆ ಕೆ.ಆರ್. ನಗರದ ಪಕ್ಕದ ಎಡತೊರೆಯ ಅರ್ಕೇಶ್ವರ ದೇವಸ್ಥಾನದ ಬಳಿ ಹೊಳೆಯ ಮೆಟ್ಟಿಲ ಮೇಲೆ ಕುಳಿತೆವು. ಹೊಳೆ ಇಲ್ಲಿ ಎಡಕ್ಕೆ ತಿರುಗುವುದರಿಂದ ಊರಿಗೆ ಆ ಹೆಸರು ಬಂತೆಂದು ಹೇಳುತ್ತಾರೆ. ಸುತ್ತ ಕಣ್ಣು ಹಾಯುವವರೆಗೆ ಭತ್ತದ ಗದ್ದೆ. ಕೆ.ಆರ್. ನಗರಕ್ಕೆ ಭತ್ತದ ಕಣಜವೆಂಬ ಹೆಸರು ಸುಮ್ಮನೆ ಬಂದದ್ದಲ್ಲ. ನನ್ನ ತಾಯಿಯ ತವರು ಈ ನಾಲೆ ನೀರಿನಲ್ಲೇ ಉಂಡದ್ದು. ಅಜ್ಜಿ ಪ್ರತಿವರ್ಷ ಹೊಸ ನೀರು ನಾಲೆಗೆ ಬಂದ ದಿನ ಅರಿಶಿನ ಕುಂಕುಮ ಹಾಕಿ ಕೈಮುಗಿಯುತ್ತಿದ್ದಳು. ಕಟ್ಟೆಗಳನ್ನು ಬೈಯುತ್ತ ಊಟಕ್ಕೆ ಕೂರುವುದು ನನ್ನಿಂದಾಗದ ಕೆಲಸ. ಆದರೆ ಮಗಳ ಪ್ರಶ್ನೆಯನ್ನು ತಳ್ಳಿಹಾಕುವುದೂ ಆಗದು.

ಕಟ್ಟೆಗಳ ಲೆಕ್ಕ

ಮರುದಿನ ಬೆಳಿಗ್ಗೆ ಹೆಗ್ಗಡದೇವನಕೋಟೆಯ ಬಸ್ಸಿನಲ್ಲಿ ಮಗಳು ನೋಟುಬುಕ್ಕಿನಲ್ಲಿ ನಕ್ಷೆ ಬರೆದಳು. ಕಡಲಿನಿಂದ ಹೊರಟ ಗಾಜಿನ ಮರಿಯೊಂದು ನಮ್ಮೂರಿಗೆ ಬರಬೇಕಾದರೆ ಏನೇನು ದಾಟಬೇಕು? ನಾವು ಸೇರಿ ಮಾಡಿದ ಪಟ್ಟಿ ಹೀಗಿತ್ತು.

ಮೊದಲು ತಮಿಳುನಾಡಿನಲ್ಲಿ ಕಾವೇರಿಯ ಕವಲುಗಳು ಕಡಲು ಸೇರುವ ಬಾಯಿ. ಬೇಸಿಗೆಯಲ್ಲಿ ಅಲ್ಲಿ ಸಿಹಿನೀರೇ ಅಪರೂಪ. ವಾಸನೆ ಹಿಡಿದು ಬರುವ ಮರಿಗೆ ವಾಸನೆಯೇ ಸಿಗದಿದ್ದರೆ ದಾರಿ ಹೇಗೆ ತಿಳಿಯಬೇಕು? ಆಮೇಲೆ ಕರಿಕಾಲ ಚೋಳ ಕಟ್ಟಿಸಿದನೆಂದು ಹೇಳುವ ಕಲ್ಲಣೈ, 19ನೆಯ ಶತಮಾನದಲ್ಲಿ ಆರ್ಥರ್ ಕಾಟನ್ ಕಟ್ಟಿಸಿದ ಅಣೆಗಳು, ಅವುಗಳ ಮೇಲಿನ ಹೊಸ ಬ್ಯಾರೇಜುಗಳು. ಅದಾದ ಮೇಲೆ 1934ರಲ್ಲಿ ಮುಗಿದ, ಇನ್ನೂರು ಅಡಿಗೂ ಎತ್ತರದ ಮೆಟ್ಟೂರು ಅಣೆಕಟ್ಟು. ಕಡಲಿನಿಂದ ಹೊಳೆಗೆ ಹತ್ತಿ ಮೊಟ್ಟೆ ಇಡುತ್ತಿದ್ದ ಹಿಲ್ಸಾ ಮೀನಿಗೆ ಕಾವೇರಿಯ ಮೇಲ್ದಾರಿ ಮುಚ್ಚಿದ್ದು ಇದರಿಂದಲೇ. ಮುಂದೆ ಹೊಗೇನಕಲ್, ಮೇಕೆದಾಟು, ಆಮೇಲೆ ಸುಮಾರು 90 ಮೀಟರ್ ಎತ್ತರದ ಶಿವನಸಮುದ್ರದ ಜಲಪಾತ. ಇವು ಪ್ರಕೃತಿಯೇ ಇಟ್ಟ ಪರೀಕ್ಷೆಗಳು. ಅಲ್ಲಿಂದ ತಿರುಮಕೂಡಲು ನರಸೀಪುರ. ಇಲ್ಲಿ ದಾರಿ ಎರಡಾಗುತ್ತದೆ.

ಕಾವೇರಿಯ ದಾರಿ ಹಿಡಿದರೆ ಎದುರಿಗೆ ಕೃಷ್ಣರಾಜಸಾಗರ. 1911ರಲ್ಲಿ ಕೆಲಸ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿದ ಕಟ್ಟೆ. ತುಂಬಿದಾಗ ನೀರು 124 ಅಡಿಗೂ ಮೇಲೆ ನಿಲ್ಲುತ್ತದೆ. ಅದನ್ನು ದಾಟಿದರೆ ಹಿನ್ನೀರಿನಲ್ಲಿ ಲಕ್ಷ್ಮಣತೀರ್ಥ ಸಿಗುತ್ತದೆ, ಹುಣಸೂರು ಸಿಗುತ್ತದೆ. ನೇರ ಹೋದರೆ ಎಡತೊರೆ, ಚುಂಚನಕಟ್ಟೆ, ಪಿರಿಯಾಪಟ್ಟಣದ ಅಂಚು. ಕಪಿಲೆಯ, ಅಂದರೆ ಕಬಿನಿಯ ದಾರಿ ಹಿಡಿದರೆ ಕನ್ನಂಬಾಡಿಯ ಕಾಟವಿಲ್ಲ. ನಂಜನಗೂಡು ದಾಟಿ, ಹುಲ್ಲಹಳ್ಳಿಯ ಹಳೆಯ ಅಣೆ ದಾಟಿ ಕೋಟೆ ಸೀಮೆಗೆ ಬರಬಹುದು. ಅಲ್ಲಿ 1974ರಿಂದ ಕಬಿನಿ ಅಣೆಕಟ್ಟು ನಿಂತಿದೆ.

ನಾವು ಆ ಅಣೆಕಟ್ಟಿನ ಎದುರು ಇಳಿದಾಗ ಕ್ರೆಸ್ಟ್ ಗೇಟಿನಿಂದ ನೀರು ಬಿಟ್ಟಿದ್ದರು. ಹಿಂದೆ ಕಡಲಿನಂತೆ ಹಿನ್ನೀರು. ಪುನ್ನಾಟದ ಅರಸರ ರಾಜಧಾನಿಯಾಗಿದ್ದ ಕಿತ್ತೂರು ಆ ನೀರಿನ ಅಡಿಯಲ್ಲಿದೆ. ಎಷ್ಟೋ ಹಳ್ಳಿಗಳವರು ಮನೆ, ಹೊಲ ಬಿಟ್ಟು ಎದ್ದು ಹೋದ ಜಾಗ. ಒಂದು ಹೊಳೆಯನ್ನು ನಿಲ್ಲಿಸಿದರೆ ಬರೀ ಮೀನಿನ ದಾರಿಯಲ್ಲ, ಮನುಷ್ಯರ ದಾರಿಯೂ ಬದಲಾಗುತ್ತದೆ.

ಹಿನ್ನೀರಿನ ಅಂಚಿನಲ್ಲಿ ತೆಪ್ಪ ಬೋರಲು ಹಾಕಿ ಬಲೆ ಒಣಗಿಸುತ್ತಿದ್ದವರನ್ನು ಮಾತಾಡಿಸಿದೆ.

'ಅಣ್ಣಾ, ಇಲ್ಲಿ ಹಾವುಮೀನು ಸಿಗುತ್ತಾ?'

'ಸಿಗ್ತದೆ ಸಾ. ಬೆಳಿಗ್ಗೇನೇ ಎರಡು ಬಿದ್ದಿದ್ದೋ.'

'ಬೆನ್ನ ಮೇಲೆ ಮುಳ್ಳು ಇರುತ್ತಾ?' ಎಂದು ಮಗಳು ನಡುವೆ ಬಾಯಿ ಹಾಕಿದಳು.

ಅವರು ಅವಳನ್ನು ಒಮ್ಮೆ ನೋಡಿ ನಕ್ಕರು. 'ಮುಳ್ಳಿಲ್ದೆ ಇರೋ ಹಾವ್ಮೀನು ಎಲ್ಲೈತವ್ವಾ? ನಾ ಕಂಡಿಲ್ಲ. ಈ ಹೊಳೇಲಿ ಹುಟ್ಟಿ ಬೆಳ್ದೋನು ನಾನು.'

ಮಗಳು ನೋಟುಬುಕ್ಕಿನಲ್ಲಿ ಆ ಮಾತನ್ನು ಹಾಗೆಯೇ ಬರೆದುಕೊಂಡಳು. ಒಬ್ಬರ ಮಾತು ಪುರಾವೆಯಾಗದು ಎಂದು ನಾನು ಹೇಳಿದೆ. 'ಗೊತ್ತು, ಅದಕ್ಕೇ ತಾರೀಖು ಹಾಕಿದ್ದೀನಿ' ಎಂದಳು.

ಹೆಣ್ಣುಮೀನಿನ ತವರುದಾರಿ

ಇಷ್ಟೆಲ್ಲ ಒಂದು ಮೀನಿಗಾಗಿ ಏಕೆ ಎಂದು ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ.

ಹಾವುಮೀನಿನ ಬಗ್ಗೆ ತಿಳಿದುಬಂದ ಸಂಗತಿಗಳಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಒಂದಿದೆ. ಮರಿ ಹೊಳೆ ಸೇರುವಾಗ ಅದು ಗಂಡೋ ಹೆಣ್ಣೋ ತೀರ್ಮಾನವಾಗಿರುವುದಿಲ್ಲ. ಎಲ್ಲಿ, ಎಷ್ಟು ಇಕ್ಕಟ್ಟಿನಲ್ಲಿ ಬೆಳೆಯುತ್ತದೆ ಎಂಬುದರ ಮೇಲೆ ಅದು ಬಹಳಮಟ್ಟಿಗೆ ಅವಲಂಬಿಸಿದೆ. ಚೆನ್ನಾಗಿ ಅಧ್ಯಯನವಾಗಿರುವ ಯುರೋಪ್ ಮತ್ತು ಅಮೆರಿಕದ ಹಾವುಮೀನುಗಳಲ್ಲಿ, ಅಳಿವೆಯ ಹತ್ತಿರ ಕಿಕ್ಕಿರಿದು ಬೆಳೆದವು ಹೆಚ್ಚಾಗಿ ಗಂಡಾಗುತ್ತವೆ. ದೂರದ ಮೇಲ್ಭಾಗಕ್ಕೆ ಹತ್ತಿ, ವಿಶಾಲ ಜಾಗದಲ್ಲಿ ನಿಧಾನವಾಗಿ ಬೆಳೆದವು ಹೆಚ್ಚಾಗಿ ಹೆಣ್ಣಾಗುತ್ತವೆ, ದೊಡ್ಡದಾಗುತ್ತವೆ, ಲಕ್ಷಗಟ್ಟಲೆ ಮೊಟ್ಟೆ ಹೊರುತ್ತವೆ. ಅಂದರೆ ಹೊಳೆಯ ಮೇಲ್ಭಾಗವನ್ನು ಮುಚ್ಚಿದರೆ ಕೆಲವು ಮೀನಿನ ಮನೆ ಹೋಯಿತು ಎಂದಷ್ಟೇ ಅಲ್ಲ, ಕಡಲಿಗೆ ಹೋಗಬೇಕಾದ ತಾಯಂದಿರೇ ಇಲ್ಲವಾಗುತ್ತಾರೆ. ಮೇಲಿನ ಹೊಳೆಯೊಂದನ್ನು ಮುಚ್ಚಿದ್ದರ ನಷ್ಟ ಸಾವಿರಾರು ಮೈಲಿ ದೂರದ ಕಡಲಿನಲ್ಲಿ ಬರೆಯಲ್ಪಡುತ್ತದೆ.

ಯುರೋಪಿನಲ್ಲಿ ಹೀಗೆಯೇ ಆಯಿತು. ಅಣೆಕಟ್ಟು, ಟರ್ಬೈನು, ಮಿತಿಮೀರಿದ ಮೀನುಗಾರಿಕೆ, ಕೊಳಕು, ಪರಜೀವಿ ಹುಳ ಎಲ್ಲ ಸೇರಿ 1980ರ ದಶಕದಿಂದೀಚೆಗೆ ದಂಡೆಗೆ ಬರುವ ಗಾಜಿನ ಮರಿಗಳು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡಿಮೆಯಾದವು. ಅಲ್ಲಿನ ಜಾತಿ ಈಗ ಅಳಿವಿನ ತೀವ್ರ ಅಂಚಿನಲ್ಲಿದೆ. ನಮ್ಮ ಎರಡು ಜಾತಿಗಳನ್ನೂ ಅಂತಾರಾಷ್ಟ್ರೀಯ ಪಟ್ಟಿ ಅಪಾಯಕ್ಕೆ ಹತ್ತಿರವಾದವು ಎಂದು ಗುರುತಿಸಿದೆ.

ಕಡಲಿಗೆ ಹೋಗಲಾಗದೆ ಸಿಕ್ಕಿಬಿದ್ದ ಹಾವುಮೀನು ಏನು ಮಾಡುತ್ತದೆ? ಕಾಯುತ್ತದೆ. ಪ್ರಾಯಕ್ಕೆ ಬರುವುದನ್ನೇ ಮುಂದೂಡುತ್ತದೆ. ಸ್ವೀಡನ್ನಿನ ಬ್ರಾಂಟೆವಿಕ್ ಎಂಬ ಹಳ್ಳಿಯ ಬಾವಿಗೆ 1859ರಲ್ಲಿ ಒಬ್ಬ ಹುಡುಗ ಬಿಟ್ಟನೆಂದು ಹೇಳುವ ಹಾವುಮೀನು 2014ರವರೆಗೂ ಬದುಕಿತ್ತೆಂದು ಅಲ್ಲಿಯವರು ನಂಬುತ್ತಾರೆ. ವರ್ಷದ ಲೆಕ್ಕ ಹೆಚ್ಚುಕಡಿಮೆ ಇದ್ದೀತು. ಆದರೆ ಹೊರಡುವ ದಿನಕ್ಕಾಗಿ ಬಾವಿಯ ಕತ್ತಲಲ್ಲಿ ಕಣ್ಣು ದೊಡ್ಡದು ಮಾಡಿಕೊಂಡು ಕಾದ ಆ ಮೀನಿನ ಕತೆ ಕೇಳಿ ಮಗಳು ಬಹಳ ಹೊತ್ತು ಸುಮ್ಮನಿದ್ದಳು.

ಏಣಿ ಇಡಬಹುದು

ಕಟ್ಟೆ ಒಡೆಯುವುದೊಂದೇ ದಾರಿಯಲ್ಲ. ಹಾವುಮೀನಿನ ಮರಿ ಒದ್ದೆ ಬಂಡೆ ಹತ್ತುತ್ತದೆಂಬುದನ್ನೇ ಬಳಸಿಕೊಂಡು ಹಲವು ದೇಶಗಳಲ್ಲಿ ಏಣಿ ಇಟ್ಟಿದ್ದಾರೆ. ಏಣಿಯೆಂದರೆ ಇಳಿಜಾರಾದ ಒಂದು ತೊಟ್ಟಿ, ಅದರೊಳಗೆ ಕುಂಚದ ಕೂದಲಿನಂಥ ಹಾಸು, ಮೇಲಿನಿಂದ ಸಣ್ಣಗೆ ತೊಟ್ಟಿಕ್ಕುವ ನೀರು. ಇಷ್ಟೇ. ಮರಿಗಳು ಸಂದಿಯಲ್ಲಿ ತೂರಿಕೊಂಡು ಹತ್ತುತ್ತವೆ. ಬಹಳ ಎತ್ತರದ ಕಟ್ಟೆಯಾದರೆ ಕೆಳಗೆ ಮರಿಗಳನ್ನು ಹಿಡಿದು ತೊಟ್ಟಿಯಲ್ಲಿ ತುಂಬಿ, ಲಾರಿಯಲ್ಲಿ ಒಯ್ದು ಮೇಲೆ ಬಿಡುತ್ತಾರೆ. ನ್ಯೂಜಿಲೆಂಡಿನ ವೈಕಾಟೊ ನದಿಯಲ್ಲಿ ಹೀಗೆ ಮಾಡುತ್ತಾರೆ. ಅಲ್ಲಿನ ಮೂಲನಿವಾಸಿ ಮಾವೊರಿ ಜನರಿಗೆ ಹಾವುಮೀನು ಊಟವೂ ಹೌದು, ಹಿರಿಯರ ನೆನಪೂ ಹೌದು. ಕೆಳಗಿಳಿಯುವ ದೊಡ್ಡ ಮೀನು ಟರ್ಬೈನಿಗೆ ಸಿಕ್ಕಿ ತುಂಡಾಗದಂತೆ ಜಾಲರಿ ಹಾಕುವುದು, ಹೊರಡುವ ಮಳೆಯ ರಾತ್ರಿಗಳಲ್ಲಿ ಬೇರೆ ಗೇಟು ತೆರೆಯುವುದು ಇಂಥ ಉಪಾಯಗಳೂ ಇವೆ. ಅಳಿವೆಯಲ್ಲಿ ವರ್ಷವಿಡೀ ಸ್ವಲ್ಪವಾದರೂ ಸಿಹಿನೀರು ಹರಿಯುವಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೊದಲನೆಯದು.

ನಮ್ಮ ಕಾವೇರಿಯಲ್ಲಿ ಇವೆಲ್ಲ ಆಗುವವೇ? ನೀರಿನ ಒಂದೊಂದು ಟಿಎಂಸಿಗೂ ಎರಡು ರಾಜ್ಯಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದ ಹೊಳೆಯಿದು. ಆ ಲೆಕ್ಕದಲ್ಲಿ ಮೀನಿಗೊಂದು ಪಾಲು ಕೇಳಿದರೆ ನಗುವವರೇ ಹೆಚ್ಚು. ಆದರೆ ಹೊಳೆ ಕಡಲು ಮುಟ್ಟುವುದನ್ನು ನೀರು ಪೋಲಾಗುವುದು ಎಂದೇ ಶಾಲೆಯಿಂದ ಕಲಿತು ಬಂದವರು ನಾವು. ಮುಂದಿನವರಾದರೂ ಬೇರೆ ಥರ ಕಲಿಯಲಿ ಎಂಬುದಷ್ಟೇ ಆಸೆ. ಅಳಿವೆಗೆ ಸೇರುವ ಆ ನೀರು ಕಡಲಿನ ಮರಿಗಳಿಗೆ ಹೊಳೆ ಕಳಿಸುವ ಕಾಗದ.

ವಿದ್ಯಾರ್ಥಿಗಳು ಇದಕ್ಕೆಲ್ಲ ಕಾಯಬೇಕಾಗಿಲ್ಲ. ನಿಮ್ಮೂರ ಹೊಳೆಯಲ್ಲಿ, ಸಂತೆಯಲ್ಲಿ ಹಾವುಮೀನು ಕಂಡರೆ ಬೆನ್ನು ನೋಡಿ. ಮುಳ್ಳಿದೆಯೇ, ಮೂತಿ ಚೂಪೇ ಮೊಂಡೇ, ಮೈಮೇಲೆ ಗೆರೆಯೇ ಮಚ್ಚೆಯೇ ಬರೆದಿಡಿ. ಎಲ್ಲಿ, ಯಾವ ದಿನ ಎಂದು ಗುರುತು ಹಾಕಿ, ನಿಮ್ಮ ವಿಜ್ಞಾನದ ಮೇಷ್ಟರಿಗೆ ತೋರಿಸಿ. ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ಅವರ ಕಾಲದಲ್ಲಿ ಹೊಳೆಯಲ್ಲಿ ಏನೇನು ಮೀನಿದ್ದವು ಎಂದು ಕೇಳಿ. ಮುಳ್ಳಿರುವ ಮೀನು ಸಿಕ್ಕಿದರೂ ಬೇಸರ ಬೇಡ, ಅದೂ ನಮ್ಮ ಹೊಳೆಯದೇ ಮಗು. ಅದು ಬದುಕಬೇಕಾದರೂ ನೀರು ಕೆಡದಿರಬೇಕು, ಮರಳು ಉಳಿದಿರಬೇಕು.

ಮತ್ತೆ ಸೇತುವೆಯ ಮೇಲೆ

ಸಂಜೆ ಹುಣಸೂರಿಗೆ ಹಿಂದಿರುಗಿದೆವು. ಮನೆಗೆ ಹೋಗುವ ಮುನ್ನ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತೆವು. ಇರ್ಪು ಬೆಟ್ಟದಲ್ಲಿ ಕನ್ನಡಿಯಂತೆ ಹೊರಡುವ ಲಕ್ಷ್ಮಣತೀರ್ಥ ಊರೊಳಗೆ ಬರುವ ಹೊತ್ತಿಗೆ ಮಂಕಾಗುತ್ತದೆ. ಊರಿನ ಚರಂಡಿ ಹೊಳೆ ಸೇರುವ ದೂರು ಬಹುಕಾಲದ್ದು. ಕನ್ನಂಬಾಡಿಯನ್ನು ನಾವು ಕಟ್ಟಲಿಲ್ಲ, ಮೆಟ್ಟೂರನ್ನು ನಾವು ಕಟ್ಟಲಿಲ್ಲ. ಆದರೆ ಈ ಕೊಳಕು ನಮ್ಮ ಮನೆಗಳದ್ದೇ.

ಮಗಳು ಕೆಳಗೆ ಬಗ್ಗಿ ನೋಡುತ್ತಿದ್ದಳು.

'ಅಪ್ಪಾ, ಈ ನೀರು ಸಮುದ್ರ ಮುಟ್ಟೋಕೆ ಎಷ್ಟು ದಿನ ಬೇಕು?'

'ಕಟ್ಟೆಗಳು ಬಿಟ್ಟಾಗ' ಎಂದೆ.

ಅವಳು ನೋಟುಬುಕ್ಕು ತೆರೆದು ಆ ಪ್ರಶ್ನೆಯನ್ನೂ ಬರೆದುಕೊಂಡಳು. ಅದರ ಕೆಳಗೆ, ನನ್ನ ಹಳೆಯ ಕತೆಯನ್ನು ತಿದ್ದಿ ಬರೆದಿದ್ದಳು: 'ಅಪ್ಪ ಏಳನೇ ಕ್ಲಾಸಿನಲ್ಲಿ ಹಿಡಿದದ್ದು ಮುಳ್ಳು ಹಾವುಮೀನು. ಉದ್ದ ಒಂದು ಮೊಳ. ನಿಜವಾದ ಹಾವುಮೀನು ನಾವು ಇನ್ನೂ ನೋಡಿಲ್ಲ.'

'ಇನ್ನೂ' ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದಳು.